ಕಣ್ಣಿದ್ದೂ ಕಾಣದ ಜಾಗಗಳನ್ನು ಕಂಡುಕೊಳ್ಳುವುದು ಹೇಗೆ?

ನಮ್ಮ ಎರಡೂ ಕಣ್ಣುಗಳಲ್ಲಿ ಏನೂ ಕಾಣದ ಒಂದೊಂದು ಜಾಗವಿದೆ. ಅಕ್ಷಿಪಟಲದಿಂದ ದೃಷ್ಟಿನರ ಹೊರಡುವ ಆ ಸಣ್ಣ ವೃತ್ತದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳೇ ಇಲ್ಲ. ಫ್ರಾನ್ಸಿನ ವಿಜ್ಞಾನಿ ಎಡ್ಮೆ ಮಾರಿಯೊಟ್ 1660ರ ದಶಕದಲ್ಲಿ ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ಇಷ್ಟು ಹತ್ತಿರದ ಸಂಗತಿ ಅಷ್ಟು ತಡವಾಗಿ ಬೆಳಕಿಗೆ ಬರಲು ಕಾರಣವಿದೆ: ಆ ಜಾಗ ಕಪ್ಪು ಕಲೆಯಾಗಿ ಕಾಣುವುದಿಲ್ಲ, ಸುತ್ತಲಿನ ಬಣ್ಣವನ್ನೇ ಹರಡಿ ಮಿದುಳು ಅದನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ‘ಇನ್ನಷ್ಟು ಗಮನವಿಟ್ಟು ನೋಡಿ’ ಎಂಬ ಸಲಹೆ ಇಲ್ಲಿ ಕೆಲಸಕ್ಕೆ ಬಾರದು. ನೋಡುವ ಸ್ಥಾನವನ್ನು ಬದಲಿಸಬೇಕು, ಇಲ್ಲವೇ ಇನ್ನೊಂದು ಕಣ್ಣಿನ ನೆರವು ಪಡೆಯಬೇಕು. ರಸ್ತೆಯಲ್ಲೂ ಅಂಗಳದಲ್ಲೂ ಸಭೆಯಲ್ಲೂ ನಡೆಯುವುದು ಇದೇ ಉಪಾಯ.

ಮೊದಲು ಕಾಗದದ ಮೇಲೆ

ಒಂದು ಬಿಳಿ ಹಾಳೆಯ ಎಡಭಾಗದಲ್ಲಿ ಸಣ್ಣ ಪ್ಲಸ್ ಗುರುತು ಹಾಕಿ. ಅದರಿಂದ ಬಲಕ್ಕೆ, ಅದೇ ಎತ್ತರದಲ್ಲಿ, ಸರಿಯಾಗಿ 8 ಸೆಂಟಿಮೀಟರ್ ದೂರದಲ್ಲಿ ಸುಮಾರು 1 ಸೆಂಟಿಮೀಟರ್ ಅಗಲದ ಕಪ್ಪು ಚುಕ್ಕೆಯನ್ನು ತುಂಬಿಸಿ. ಹಾಳೆಯನ್ನು ಕೈ ಚಾಚಿ ಹಿಡಿದು, ಎಡಗಣ್ಣನ್ನು ಮುಚ್ಚಿ, ಬಲಗಣ್ಣನ್ನು ಪ್ಲಸ್ ಗುರುತಿನ ಮೇಲೆಯೇ ನಿಲ್ಲಿಸಿ, ನಿಧಾನವಾಗಿ ಹಾಳೆಯನ್ನು ಹತ್ತಿರಕ್ಕೆ ತನ್ನಿ. ಸುಮಾರು 30 ಸೆಂಟಿಮೀಟರ್ ದೂರಕ್ಕೆ ಬಂದಾಗ ಚುಕ್ಕೆ ಮಾಯವಾಗುತ್ತದೆ. ಇನ್ನೂ ಹತ್ತಿರ ತಂದರೆ ಮತ್ತೆ ಕಾಣಿಸಿಕೊಳ್ಳುತ್ತದೆ. ಚುಕ್ಕೆಯ ಕಡೆ ಕಣ್ಣು ಹೊರಳಿಸುವ ಆಸೆಯಾಗುವುದು ಸಹಜ, ಆದರೆ ಹೊರಳಿಸಿದರೆ ಪ್ರಯೋಗ ಕೆಟ್ಟಿತು.

ಈಗ ಚುಕ್ಕೆಯನ್ನು ಹಾದುಹೋಗುವಂತೆ ಒಂದು ಉದ್ದನೆಯ ಗೆರೆ ಎಳೆದು ಮತ್ತೆ ನೋಡಿ. ಚುಕ್ಕೆ ಅಳಿಸಿಹೋಗುತ್ತದೆ, ಗೆರೆ ಮಾತ್ರ ಎಲ್ಲೂ ತುಂಡಾಗದೆ ಕಾಣುತ್ತದೆ. ಕಣ್ಣಿಗೆ ಕಾಣದ ಆ ತುಂಡು ಗೆರೆಯನ್ನು ಎಳೆದು ಕೊಟ್ಟಿರುವುದು ನಿಮ್ಮ ಮಿದುಳು. ಎಡಗಣ್ಣಿನ ಪರೀಕ್ಷೆಗೆ ಹಾಳೆಯನ್ನು ತಲೆಕೆಳಗು ಮಾಡಿದರೆ ಸಾಕು. ಎರಡೂ ಕಣ್ಣು ತೆರೆದಾಗ ಚುಕ್ಕೆ ಮಾಯವಾಗುವುದಿಲ್ಲ. ಒಂದು ಕಣ್ಣಿಗೆ ಕಾಣದ ಭಾಗ ಇನ್ನೊಂದಕ್ಕೆ ಕಾಣುತ್ತಿರುತ್ತದೆ.

ಈ ಹೊಂದಾಣಿಕೆಯಿಂದ ಒಂದು ಅಪಾಯವೂ ಇದೆ. ಗ್ಲಾಕೋಮಾ ಕಾಯಿಲೆಯಲ್ಲಿ ಸಾಮಾನ್ಯವಾಗಿ ನೋಟದ ಅಂಚು ಮೊದಲು ಕಳೆದುಹೋಗುತ್ತದೆ, ಮತ್ತು ಒಂದು ಕಣ್ಣಿನ ನಷ್ಟವನ್ನು ಇನ್ನೊಂದು ಕಣ್ಣು ಬಹುಕಾಲ ಮುಚ್ಚಿಡುತ್ತದೆ. ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಚಿಕಿತ್ಸೆಯಿಂದ ಕಾಪಾಡಬಹುದು. 40 ದಾಟಿದವರು, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದವರು, ಕಣ್ಣಿನ ಒತ್ತಡ ಮತ್ತು ದೃಷ್ಟಿನರದ ತಪಾಸಣೆಯನ್ನು ವೈದ್ಯರಲ್ಲೇ ಮಾಡಿಸಬೇಕು. ಮೇಲಿನ ಕಾಗದದ ಆಟ ಅದಕ್ಕೆ ಬದಲಿಯಲ್ಲ.

ಕಾರಿನ ಕನ್ನಡಿ

ಹೊರಗಿನ ಕನ್ನಡಿಯಲ್ಲಿ ತಮ್ಮದೇ ಕಾರಿನ ಬಾಗಿಲು ದೊಡ್ಡದಾಗಿ ಕಾಣುವಂತೆ ಇಟ್ಟುಕೊಳ್ಳುವುದು ನಮ್ಮಲ್ಲಿ ಬಹುಮಂದಿಯ ಅಭ್ಯಾಸ. ನಿಮ್ಮ ಕಾರು ಎಲ್ಲಿದೆ ಎಂಬುದು ನಿಮಗೆ ಗೊತ್ತೇ ಇದೆ. ಅದನ್ನು ನೋಡಲು ಕನ್ನಡಿ ಬೇಕಾಗಿಲ್ಲ. ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿ ಕಾಣುವಂತೆ ಮೊದಲು ಹೊಂದಿಸಿ. ಬಳಿಕ ತಲೆಯನ್ನು ಬಲಗಡೆಯ ಕಿಟಕಿಗೆ ತಾಗುವಷ್ಟು ವಾಲಿಸಿ, ಬಲಗನ್ನಡಿಯಲ್ಲಿ ಕಾರಿನ ಪಕ್ಕ ಅಂಚಿನಲ್ಲಷ್ಟೇ ಕಾಣುವವರೆಗೆ ಅದನ್ನು ಹೊರಕ್ಕೆ ತಿರುಗಿಸಿ. ಎಡಗನ್ನಡಿಗೆ, ತಲೆಯನ್ನು ಮುಂದಿನ ಎರಡು ಸೀಟುಗಳ ನಡುವಿಗೆ ತಂದು ಹಾಗೆಯೇ ಮಾಡಿ. ನೇರವಾಗಿ ಕುಳಿತಾಗ ಸ್ವಂತ ಕಾರು ಹೊರಗನ್ನಡಿಗಳಲ್ಲಿ ಕಾಣದಿರುವುದು ಮೊದಮೊದಲು ಕಸಿವಿಸಿ ಉಂಟುಮಾಡುತ್ತದೆ.

ಸರಿಯಾಗಿದೆಯೇ ಎಂದು ತಿಳಿಯಲು ಕಾರನ್ನು ಅಂಗಳದಲ್ಲೇ ನಿಲ್ಲಿಸಿಕೊಂಡು, ಮನೆಯವರೊಬ್ಬರಿಗೆ ಹಿಂದಿನಿಂದ ಬಂದು ಕಾರಿನ ಪಕ್ಕದಲ್ಲಿ, ತುಸು ದೂರ ಬಿಟ್ಟು, ಮುಂದಕ್ಕೆ ನಡೆಯಲು ಹೇಳಿ. ಅವರು ಒಳಗನ್ನಡಿಯಿಂದ ಹೊರಗನ್ನಡಿಗೆ, ಅಲ್ಲಿಂದ ಕಣ್ಣಂಚಿಗೆ ದಾಟಬೇಕು, ನಡುವೆ ಕಾಣೆಯಾಗಬಾರದು. ಕಾಣೆಯಾದರೆ ಆ ಜಾಗವೇ ಚಾಲಕರು ಹೇಳುವ ಬ್ಲೈಂಡ್ ಸ್ಪಾಟ್. ಕನ್ನಡಿ ಎಷ್ಟೇ ಸರಿಯಿದ್ದರೂ ಲೇನ್ ಬದಲಿಸುವ ಮುನ್ನ ಒಮ್ಮೆ ಹೆಗಲ ಮೇಲಿಂದ ನೋಡುವುದನ್ನು ಬಿಡಬಾರದು. ಹೊರಗನ್ನಡಿಗಳು ಸಾಮಾನ್ಯವಾಗಿ ಪೀನ ದರ್ಪಣಗಳಾಗಿರುವುದರಿಂದ, ಅದರಲ್ಲಿ ದೂರವಿದ್ದಂತೆ ಕಾಣುವ ಬೈಕು ನಿಜಕ್ಕೂ ಹತ್ತಿರದಲ್ಲಿರುತ್ತದೆ.

ಮುಂದಿನ ಗಾಜಿನ ಇಕ್ಕೆಲದ ಕಂಬಗಳದ್ದು ಇನ್ನೊಂದು ಸಮಸ್ಯೆ. ರಸ್ತೆ ದಾಟುತ್ತಿರುವ ಒಬ್ಬ ವ್ಯಕ್ತಿಯನ್ನು ಆ ಕಂಬ ಪೂರ್ತಿಯಾಗಿ ಮರೆಮಾಡಬಲ್ಲದು. ತಿರುವಿನಲ್ಲೂ ವೃತ್ತದಲ್ಲೂ ಮುಂದುವರಿಯುವ ಮೊದಲು ಕತ್ತನ್ನು ಸ್ವಲ್ಪ ಮುಂದಕ್ಕೆ, ಸ್ವಲ್ಪ ಹಿಂದಕ್ಕೆ ಬಾಗಿಸಿ ನೋಡಬೇಕು.

ಸ್ಕೂಟರಿನವರಿಗೆ

ದೊಡ್ಡ ವಾಹನದ ಪಕ್ಕದಲ್ಲಿರುವಾಗ ಒಂದೇ ನಿಯಮ ನೆನಪಿದ್ದರೆ ಸಾಕು: ಅದರ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ, ಆ ಕನ್ನಡಿಯಲ್ಲಿ ನೀವೂ ಅವನಿಗೆ ಕಾಣುವುದಿಲ್ಲ. ಮಂಗಳೂರು–ಉಡುಪಿ ಬಸ್ಸುಗಳಲ್ಲಿ ಚಾಲಕನಿಗೆ ಕಾಣದ ಎಡಬದಿಯನ್ನು ಬಾಗಿಲಲ್ಲಿ ನಿಂತ ಕಂಡಕ್ಟರ್ ನೋಡಿಕೊಳ್ಳುತ್ತಾರೆ. ಅವರ ಸೀಟಿ ಮತ್ತು ‘ರೈಟ್ ಪೋಯಿ’ (ರೈಟ್, ಹೋಗೋಣ) ಎಂಬ ತುಳು ಕೂಗು ವಾಸ್ತವದಲ್ಲಿ ಚಾಲಕನ ಎರಡನೆಯ ಜೊತೆ ಕಣ್ಣು. ಪಣಂಬೂರಿನ ಬಂದರಿನಿಂದ ಹೊರಟು ರಾಷ್ಟ್ರೀಯ ಹೆದ್ದಾರಿ 66ಕ್ಕೆ ಬರುವ ಕಂಟೇನರ್ ಲಾರಿಗೂ ಅನಿಲ ಸಾಗಿಸುವ ಬುಲೆಟ್ ಟ್ಯಾಂಕರಿಗೂ ಈ ಅನುಕೂಲ ಯಾವಾಗಲೂ ಇರುವುದಿಲ್ಲ. ಮಂಗಳೂರಿನ ನಂತೂರಿನಲ್ಲೋ ಕೊಟ್ಟಾರ ಚೌಕಿಯಲ್ಲೋ ಅಂಥ ಉದ್ದದ ವಾಹನ ಎಡಕ್ಕೆ ತಿರುಗಲು ನಿಂತಿದ್ದರೆ ಎಡಗಡೆಯ ಸಂದಿಯಲ್ಲಿ ನುಗ್ಗಬೇಡಿ: ಅದರ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿಗಿಂತ ಒಳಗೆ ಹಾದುಹೋಗುತ್ತವೆ. ಮೂತಿಗೆ ಒತ್ತಿಕೊಂಡು ಮುಂದೆ ನಿಲ್ಲುವುದೂ ಸಲ್ಲ, ಎತ್ತರದ ಸೀಟಿನಿಂದ ಗಾಜಿನ ಕೆಳಗಿನ ಜಾಗ ಕಾಣುವುದಿಲ್ಲ. ಕನ್ನಡಿ ಕಿತ್ತು ಮನೆಯಲ್ಲಿಟ್ಟು ಸ್ಕೂಟರ್ ಓಡಿಸುವವರಿಗೆ ಹೇಳುವುದಕ್ಕೆ ಏನೂ ಉಳಿದಿಲ್ಲ.

ಅಂಗಳದಲ್ಲಿ

ದಿನವೂ ಓಡಾಡುವ ಜಾಗದಲ್ಲಿ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳದ ವಸ್ತುಗಳಿರುತ್ತವೆ. ಮಳೆಗಾಲದಲ್ಲಿ ಕರಾವಳಿಯ ಮನೆಗಳಿಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ. 2019ರಲ್ಲಿ ಮಂಗಳೂರನ್ನು ಕಾಡಿದ ಡೆಂಗೆಯನ್ನು ಓದುಗರು ಮರೆತಿರಲಾರರು. ಅದನ್ನು ಹರಡುವ ಈಡಿಸ್ ಸೊಳ್ಳೆಗೆ ಒಂದು ತೆಂಗಿನ ಗೆರಟೆಯಲ್ಲಿ ನಿಂತ ನೀರು ಸಾಕು, ಮೊಟ್ಟೆ ಸೊಳ್ಳೆಯಾಗಿ ಹಾರಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ನೆರೆಮನೆಯವರೊಂದಿಗೆ ಅಂಗಳ ಬದಲಿಸಿಕೊಂಡು ಪರೀಕ್ಷಿಸಿ: ಅವರು ನಿಮ್ಮ ಹಿತ್ತಿಲನ್ನು ನೋಡಲಿ, ನೀವು ಅವರದ್ದನ್ನು. ಬಿದ್ದ ಅಡಿಕೆ ಹಾಳೆ, ಟೆರೇಸಿನ ಟಾರ್ಪಾಲಿನ ಮಡಿಕೆ, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಕೊಟ್ಟಿಗೆಯ ಹಿಂದಿನ ಹಳೆಯ ಟಯರು ಇವೆಲ್ಲ ಹೊಸ ಕಣ್ಣಿಗೆ ಬೇಗ ಸಿಗುತ್ತವೆ. ನೆರೆಯವರು ಒಪ್ಪದಿದ್ದರೆ ಮೊಬೈಲಿನಲ್ಲಿ ಹಿತ್ತಿಲಿನ ಚಿತ್ರಗಳನ್ನು ತೆಗೆದು, ಒಳಗೆ ಕುಳಿತು ದೊಡ್ಡದು ಮಾಡಿ ನೋಡಿ.

ಮಾತಿನಲ್ಲಿ, ನಡವಳಿಕೆಯಲ್ಲಿ

ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗ್‌ಹ್ಯಾಮ್ ಎಂಬ ಮನೋವಿಜ್ಞಾನಿಗಳು 1955ರಲ್ಲಿ, ನಮ್ಮ ಬಗ್ಗೆ ನಮಗೆಷ್ಟು ಗೊತ್ತು, ಇತರರಿಗೆಷ್ಟು ಗೊತ್ತು ಎಂದು ವಿಂಗಡಿಸಲು ರೂಪಿಸಿದ ‘ಜೋಹಾರಿ ಕಿಟಕಿ’ ಎಂಬ ನಕ್ಷೆಯ ನಾಲ್ಕು ಚೌಕಗಳಲ್ಲಿ ಒಂದು, ಇತರರಿಗೆ ಗೊತ್ತಿದ್ದು ನಮಗೆ ಗೊತ್ತಿಲ್ಲದ ನಮ್ಮ ಗುಣಗಳದ್ದು. ನಮ್ಮೂರಿನ ಉದಾಹರಣೆ ಹೇಳುವುದಾದರೆ, ಅಪಾರ್ಟ್‌ಮೆಂಟಿನ ಸಭೆ ಕನ್ನಡದಲ್ಲಿ ಆರಂಭವಾಗಿ ಹತ್ತು ನಿಮಿಷದಲ್ಲಿ ತುಳುವಿಗೆ ಜಾರಿರುತ್ತದೆ; ಬಾಗಲಕೋಟೆಯಿಂದ ಬಂದು ನೆಲೆಸಿದವರು ನಗುತ್ತ ತಲೆಯಾಡಿಸುತ್ತಾರೆ, ಮಾತನಾಡುವವರಿಗೆ ಭಾಷೆ ಬದಲಾದದ್ದೇ ತಿಳಿದಿರುವುದಿಲ್ಲ. ಇಲ್ಲಿಯೂ ಎಚ್ಚರಿಕೆಯ ಸಂಕಲ್ಪಕ್ಕಿಂತ ಏರ್ಪಾಡು ಮೇಲು: ಸಭೆಯ ಆರಂಭದಲ್ಲೇ ಒಬ್ಬರಿಗೆ, ಭಾಷೆ ಜಾರಿದ ಕೂಡಲೇ ಕೈ ಎತ್ತುವ ಕೆಲಸ ವಹಿಸಿಬಿಡಬೇಕು.

ಮನೆಯವರನ್ನೋ ಸಹೋದ್ಯೋಗಿಯನ್ನೋ ಕೇಳುವಾಗ ‘ನನ್ನಲ್ಲಿ ಏನು ದೋಷವಿದೆ?’ ಎಂದು ಕೇಳಬೇಡಿ, ‘ಏನಿಲ್ಲ’ ಎಂಬ ಉತ್ತರ ಬರುತ್ತದೆ. ‘ಅಮ್ಮನ ಹತ್ತಿರ ಫೋನಿನಲ್ಲಿ ಮಾತನಾಡುವಾಗ ನನ್ನ ದನಿ ಏರುತ್ತದೆಯೇ?’ ಎಂಬಂಥ, ಹೌದು–ಅಲ್ಲ ಎನ್ನಬಹುದಾದ ಪ್ರಶ್ನೆ ಕೇಳಿ. ಉತ್ತರ ಬಂದಾಗ ಸಮಜಾಯಿಷಿ ಕೊಡದೆ ಬರೆದಿಟ್ಟುಕೊಳ್ಳಿ. ಸಮಜಾಯಿಷಿ ಕೇಳಿದವರು ಮುಂದಿನ ಸಲ ನಿಜ ಹೇಳುವುದಿಲ್ಲ. ಒಂದು ತಿಂಗಳ ಬಳಿಕ ಅದೇ ಪ್ರಶ್ನೆಯನ್ನು ಅವರಿಗೇ ಮತ್ತೆ ಕೇಳಿ, ಎರಡು ಉತ್ತರಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ.