ಟೊರ್ನೇಡೊ ಬಂದರೆ ಎಲ್ಲಿ ಕೂರುವುದು? ಇವತ್ತೇ ಗೊತ್ತು ಮಾಡಿಕೊಳ್ಳಿ

ಡಲ್ಲಾಸ್ ಸುತ್ತಮುತ್ತಲ ಕನ್ನಡಿಗರ ಮನೆಗಳಿಗೆ ಊರಿಂದ ಅಪ್ಪ-ಅಮ್ಮ ಬಂದಿಳಿಯುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ. ಟೊರ್ನೇಡೊಗಳ (ಭಾರೀ ಸುಂಟರಗಾಳಿಗಳ) ಹಾವಳಿಯೂ ಆಗಲೇ ಜೋರು. ಹಾಗಂತ ಉಳಿದ ತಿಂಗಳು ನಿಶ್ಚಿಂತೆಯೇನಲ್ಲ: ಡಲ್ಲಾಸ್ ಪಕ್ಕದ ಗಾರ್ಲೆಂಡ್, ರೌಲೆಟ್ ಊರುಗಳ ಮೇಲೆ ಅದು ಎರಗಿದ್ದು 2015ರ ಡಿಸೆಂಬರ್ 26ರಂದು, ಕತ್ತಲಾದ ಮೇಲೆ.

ಮೊದಲು ಜಾಗ. ಟೆಕ್ಸಸ್‌ನ ಹೆಚ್ಚಿನ ಮನೆಗಳಿಗೆ ನೆಲಮಾಳಿಗೆ ಇರುವುದಿಲ್ಲ. ಹಾಗಾಗಿ ಕೆಳ ಅಂತಸ್ತಿನಲ್ಲಿ, ಕಿಟಕಿಯಿಲ್ಲದ, ಹೊರಗೋಡೆಗೆ ತಾಗದ ಮೂಲೆ ಹುಡುಕಿ. ಮೆಟ್ಟಿಲ ಕೆಳಗಿನ ಕ್ಲಾಸೆಟ್ ಅಥವಾ ನಡುಮನೆಯ ಬಾತ್‌ರೂಮ್ ಆದೀತು. ನಮ್ಮವರ ಮನೆಗಳಲ್ಲಿ ಆ ಕ್ಲಾಸೆಟ್ ತುಂಬ ಅಕ್ಕಿ ಮೂಟೆ, ಖಾಲಿ ಸೂಟ್‌ಕೇಸ್! ಅವನ್ನೆಲ್ಲ ಗ್ಯಾರೇಜಿಗೆ ಸಾಗಿಸಿ, ಮನೆಮಂದಿಯೆಲ್ಲ ಒಳಗೆ ಕೂತು ಬಾಗಿಲು ಹಾಕಿ ನೋಡಿ. ಮಂಡಿನೋವಿನ ಅಜ್ಜಿಗೆ ಗಿಡ್ಡ ಸ್ಟೂಲ್ ಬೇಕೆಂಬುದು ಆಗ ತಿಳಿಯುತ್ತದೆ.

ಅಲ್ಲೇ ಒಂದು ಚೀಲ ಇಡಿ: ಟಾರ್ಚ್, ಸೀಟಿ, ನೀರು, ಬಿಪಿ-ಶುಗರ್ ಮಾತ್ರೆ, ಪಾಸ್‌ಪೋರ್ಟ್ ಜೆರಾಕ್ಸ್. ಜೀವ ತೆಗೆಯುವುದು ಹೆಚ್ಚಾಗಿ ಹಾರಿಬರುವ ಹಲಗೆ, ಇಟ್ಟಿಗೆ ಚೂರುಗಳಾದ್ದರಿಂದ ಎಲ್ಲರಿಗೂ ಸೈಕಲ್ ಹೆಲ್ಮೆಟ್ ಇರಲಿ. ಶೂ ಮರೆಯಬೇಡಿ. ಮನೆಯೊಳಗೆ ಬರಿಗಾಲಲ್ಲಿ ಓಡಾಡುವವರು ನಾವು. ಆಮೇಲೆ ನೆಲದ ತುಂಬ ಗಾಜು, ಮೊಳೆ.

ಇನ್ನು ಎಚ್ಚರಿಕೆ. ಹವಾಮಾನ ಇಲಾಖೆ ಕೊಡುವ 'ವಾಚ್' ಎಂದರೆ ಟೊರ್ನೇಡೊ ಹುಟ್ಟುವಂಥ ಹವೆಯಿದೆ ಎಂದರ್ಥ. ಫೋನ್ ಚಾರ್ಜ್ ಮಾಡಿ, ಮಕ್ಕಳನ್ನು ಒಳಗೆ ಕರೆಯಿರಿ. 'ವಾರ್ನಿಂಗ್' ಎಂದರೆ ಟೊರ್ನೇಡೊ ಕಣ್ಣಿಗೋ ರೇಡಾರ್‌ಗೋ ಕಂಡಿದೆ ಎಂದರ್ಥ. ಅದು ಬಂತೆಂದರೆ ಒಲೆ ಆರಿಸಿ ಆ ಮೂಲೆಗೆ ನಡೆದುಬಿಡಿ. ಸಿಗುವುದು ಕೆಲವೇ ನಿಮಿಷ. ಮಿಸ್ಸೌರಿಯ ಜಾಪ್ಲಿನ್‌ನಲ್ಲಿ 2011ರ ಮೇ 22ರಂದು ಟೊರ್ನೇಡೊಗೆ 150ಕ್ಕೂ ಹೆಚ್ಚು ಜನ ಸತ್ತರು. ಸೈರನ್ ಕೇಳಿದ ಮೇಲೂ ಎಷ್ಟೋ ಮಂದಿ 'ನಿಜವೋ ಏನೋ' ಎಂದು ಇನ್ನೊಂದು ಸೂಚನೆಗೆ ಕಾದಿದ್ದರು. ಸೈರನ್ ಇರುವುದೇ ಬಯಲಲ್ಲಿರುವವರಿಗೆ. ನಿದ್ದೆಯಲ್ಲಿ ಕೇಳಿಸದೆಯೂ ಹೋದೀತು. ಬ್ಯಾಟರಿ ಹಾಕಿದ ವೆದರ್ ರೇಡಿಯೊ (ಹವಾಮಾನದ ಎಚ್ಚರಿಕೆ ಬಂದೊಡನೆ ಕೂಗುವ ರೇಡಿಯೊ) ಮಲಗುವ ಕೋಣೆಯಲ್ಲಿರಲಿ. ಭಾರತದ ಸಿಮ್ ಇರುವ ಅಪ್ಪನ ಫೋನಿಗೆ ಅಲರ್ಟ್ ಬಂದೇ ಬರುತ್ತದೆಂದು ನಂಬಬೇಡಿ. ಹಗಲು ಮನೆಯಲ್ಲಿ ಅಪ್ಪ-ಅಮ್ಮ ಇಬ್ಬರೇ ಇರುವುದರಿಂದ, ಫೋನ್ ಮಾಡಿ 'ಕ್ಲಾಸೆಟ್‌ಗೆ ಹೋಗಿ' ಎನ್ನುವವರು ಯಾರೆಂದು ಗಂಡ-ಹೆಂಡತಿ ಮಾತಾಡಿಕೊಳ್ಳಿ.

ಕಿಟಕಿ ತೆರೆದಿಟ್ಟರೆ ಮನೆ ಉಳಿಯುತ್ತದೆಂಬುದು ಸುಳ್ಳು. ವಿಡಿಯೊ ತೆಗೆಯಲು ಬಾಲ್ಕನಿಗೆ ಹೋಗುವವರಿಗೆ ಏನು ಹೇಳುವುದೋ! ಹೆದ್ದಾರಿಯಲ್ಲಿದ್ದರೆ ಮೇಲ್ಸೇತುವೆ ಕೆಳಗೆ ನಿಲ್ಲಬೇಡಿ, ಅಲ್ಲಿ ಗಾಳಿಯ ರಭಸ ಇನ್ನೂ ಹೆಚ್ಚಬಹುದು.

ಗಾಳಿ ನಿಂತ ಮೇಲೆ ಗ್ಯಾಸ್ ವಾಸನೆ ಬಂದರೆ ಲೈಟ್ ಸ್ವಿಚ್ ಮುಟ್ಟದೆ ಹೊರಬನ್ನಿ, ದೂರ ಹೋಗಿ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಊರಿನವರಿಗೆ ಒಂದು ಮೆಸೇಜ್ ಸಾಕು, ಲೈನ್ ಬಿಡುವಾಗಿರಲಿ.