ದೋಣಿಯ ರೇಡಿಯೊ ಪರದೆ ನೇರ ಕಣ್ಣಿಗೆ ಕಾಣುವಂತೆ ಕೂರಿಸುವುದು

ಡ್ರಿಲ್ ಹಿಡಿಯುವ ಮೊದಲು ವಿಎಚ್‌ಎಫ್ ರೇಡಿಯೊವನ್ನು (ದೋಣಿಯಿಂದ ಮಾತಾಡುವ ಸಂಪರ್ಕ ರೇಡಿಯೊ) ಟೇಪಿನಿಂದ ತಾತ್ಕಾಲಿಕವಾಗಿ ನಿಲ್ಲಿಸಿ. ಚುಕ್ಕಾಣಿಯ ಬಳಿ ನಿಂತೂ ಕೂತೂ ನೋಡಿ: ಅಪಾಯದಲ್ಲಿ ಕರೆ ಮಾಡುವ ಚಾನೆಲ್ 16ರ ಅಂಕಿ ಬಿಸಿಲಲ್ಲಿ ಓದಲು ಬರುತ್ತದೆಯೇ? ಪೋಲರೈಸ್ಡ್ ಕನ್ನಡಕ ಹಾಕಿಯೂ ನೋಡಲೇಬೇಕು. ಕೆಲವು ಎಲ್‌ಸಿಡಿ ಪರದೆಗಳು ಒಂದು ಕೋನದಲ್ಲಿ ಪೂರ್ತಿ ಕಪ್ಪಾಗುತ್ತವೆ.

ಪರದೆ ಕಣ್ಣಿಗಿಂತ ಕೆಳಗಿದ್ದರೆ ರೇಡಿಯೊವನ್ನು ಹಿಡಿದಿಡುವ ಯು ಆಕಾರದ ಬ್ರಾಕೆಟ್ಟಿನ ಎರಡೂ ತಿರುಪು ಸಡಿಲಿಸಿ, ಮುಖವನ್ನು ಮೇಲಕ್ಕೆ ಓರೆಯಾಗಿಸಿ. ದಿಕ್ಸೂಚಿ ಹತ್ತಿರವಿದ್ದರೆ ಎಚ್ಚರ: ಸ್ಪೀಕರಿನ ಅಯಸ್ಕಾಂತ ಅದರ ಮುಳ್ಳನ್ನು ಎಳೆಯುತ್ತದೆ. ಕೈಪಿಡಿ ಹೇಳುವ ಅಂತರವನ್ನು ಮೈಕಿಗೂ ಬಿಡಿ.

ಬರೀ ಸ್ಕ್ರೂ ಅಲೆಯ ಹೊಡೆತಕ್ಕೆ ಕಿತ್ತುಬರುತ್ತದೆ. ಉಪ್ಪುನೀರಿನ ತುಕ್ಕು ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟ್, ಹಿಂಬದಿಗೆ ಅಗಲ ವಾಷರ್, ರಂಧ್ರಕ್ಕೆ ಮರೈನ್ ಸೀಲಂಟ್ (ನೀರು ಒಳಬಾರದಂತೆ ಮುಚ್ಚುವ ಅಂಟು) ಬಳಸಿ. ಆಂಟೆನಾ ಕೇಬಲನ್ನು ಚೂಪಾಗಿ ಮಡಿಸಬೇಡಿ. ಕನೆಕ್ಟರಿಗಿಂತ ಕೆಳಗೆ ಇಳಿಬಿಟ್ಟು ಮೇಲೇರಿಸಿದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.