ಹಳೆಯ ಪಿಕಪ್ ಕೊಂಡ ಮೇಲೆ ಎಂಜಿನ್ ಸದ್ದನ್ನು ಗುರುತಿಸುವ ಕ್ರಮ

ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ಮಾರಾಟಕ್ಕೆ ಬರುವ ಹಳೆಯ ಡೀಸೆಲ್ ಪಿಕಪ್‌ಗಳಲ್ಲಿ ಹಲವು ತೊಗರಿ ಚೀಲ, ಶಹಾಬಾದ್ ಕಲ್ಲು, ಸಿಮೆಂಟು ಹೊತ್ತು ವರ್ಷಗಟ್ಟಲೆ ದುಡಿದಂಥವು. ಇಂಥ ಗಾಡಿಯ ಎಂಜಿನ್ ಒಂದಿಷ್ಟು ಸದ್ದು ಮಾಡುವುದು ಸಹಜವೇ. ಆದರೆ ಕೊಂಡ ಮೊದಲ ವಾರದಲ್ಲಿ ಹೊಸ ಸದ್ದೊಂದು ಕಿವಿಗೆ ಬಿದ್ದಾಗ, ಅದು ಬೆಲ್ಟ್ ಬದಲಿಸಿದರೆ ಮುಗಿಯುವ ಕೆಲಸವೋ, ಎಂಜಿನ್ನನ್ನೇ ಇಳಿಸಬೇಕಾದ ಕೆಲಸವೋ ಎಂದು ತಿಳಿಯುವ ಮೊದಲೇ ಗಾಡಿ ಬಿಚ್ಚಲು ಒಪ್ಪಿಬಿಡುವವರು ಬಹಳ ಮಂದಿ. ಸದ್ದು ಹೇಗಿದೆ ಎಂಬುದಕ್ಕಿಂತಲೂ ಅದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಗಮನಿಸಿದರೆ ದೋಷದ ಜಾಗ ಬೇಗ ಸಿಗುತ್ತದೆ.

ಮೊದಲ ಪರೀಕ್ಷೆಯನ್ನು ಬೆಳಿಗ್ಗೆ, ರಾತ್ರಿಯಿಡೀ ನಿಂತ ಗಾಡಿಯಲ್ಲಿ ಮಾಡಬೇಕು. ತಣ್ಣಗಿರುವ ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಹೊತ್ತಿಕೊಳ್ಳಲು ತುಸು ತಡವಾಗಿ, ಆಮೇಲೆ ಒಮ್ಮೆಲೇ ಉರಿಯುವುದರಿಂದ ಗಟ್ಟಿ ಸದ್ದು ಬರುತ್ತದೆ. ಎಂಜಿನ್ ಬಿಸಿಯಾದಂತೆ ಇಳಿದುಹೋಗುವ ಈ ಸದ್ದಿಗೆ ಹೆದರಬೇಕಿಲ್ಲ. ಎರಡನೆಯ ಪರೀಕ್ಷೆ ಮಧ್ಯಾಹ್ನದ ಹೊತ್ತಿನದು. ನಮ್ಮ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಅಂಥ ಬಿಸಿಲಲ್ಲಿ ಲೋಡ್ ಎಳೆದು ಬಂದ ಎಂಜಿನ್ನಿನ ಆಯಿಲ್ ತೆಳುವಾಗಿರುತ್ತದೆ, ಬೇರಿಂಗ್ ಸವೆದಿದ್ದರೆ ಆಗ ಸ್ಪಷ್ಟವಾಗಿ ಕೇಳಿಸುತ್ತದೆ. ಸವೆದ ಎಂಜಿನ್ನಿನ ಸದ್ದನ್ನು ಮುಚ್ಚಲು ದಪ್ಪ ಆಯಿಲ್ ಹಾಕಿ ಗಾಡಿ ಮಾರುವುದೂ ಉಂಟು. ಆದ್ದರಿಂದ ಕೈಪಿಡಿಯಲ್ಲಿ ಹೇಳಿದ ಗ್ರೇಡಿನ ಆಯಿಲ್ ಮತ್ತು ಹೊಸ ಫಿಲ್ಟರ್ ಹಾಕಿಸಿದ ನಂತರ ಕೇಳಿದ ಸದ್ದೇ ಎಂಜಿನ್ನಿನ ನಿಜವಾದ ಸದ್ದು ಎಂದು ನಾನು ಹೇಳುತ್ತೇನೆ.

ಸದ್ದಿನ ಜಾಗ ಹುಡುಕಲು ಉದ್ದನೆಯ ಸ್ಕ್ರೂಡ್ರೈವರ್ ಸಾಕು. ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಟವೆಲ್ಲು, ಸಡಿಲ ತೋಳುಗಳನ್ನು ಫ್ಯಾನ್‌ನಿಂದ ದೂರವಿರಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ತಿರುಗದ ಭಾಗಕ್ಕೆ ಒತ್ತಿ ಹಿಡಿಯಬೇಕು. ಹಿಡಿಕೆಗೆ ಕಿವಿಯ ಮುಂದಿನ ಎಲುಬನ್ನು ತಾಗಿಸಬೇಕು. ವಾಲ್ವ್ ಕವರ್, ಬ್ಲಾಕಿನ ಬದಿ, ಎಂಜಿನ್ನಿನ ತಳದ ಆಯಿಲ್ ಚೇಂಬರ್, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹೀಗೆ ಒಂದೊಂದೇ ಜಾಗ ಮುಟ್ಟುತ್ತ ಹೋದರೆ, ಸದ್ದು ಎಲ್ಲಿ ಹೆಚ್ಚು ಹರಿತವಾಗಿ ಕೇಳುತ್ತದೆಯೋ ಅಲ್ಲಿ ಅದರ ಮೂಲವಿರುತ್ತದೆ.

ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್, ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗುತ್ತದೆ. ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ನಿಧಾನವಾಗಿ ಓಡುತ್ತಿರುವಾಗ ಒಂದು ಸಡಿಲ ಟ್ಯಾಪೆಟ್ (ಕ್ಯಾಮಿನ ಒತ್ತನ್ನು ವಾಲ್ವಿಗೆ ಮುಟ್ಟಿಸುವ ಭಾಗ) ನಿಮಿಷಕ್ಕೆ 400 ಬಾರಿ ಟಿಕ್‌ಟಿಕ್ ಎನ್ನುತ್ತದೆ. ಹೊಲಿಗೆ ಯಂತ್ರದಂತೆ ಹಗುರವಾಗಿ, ಮೇಲ್ಭಾಗದಿಂದ ಬರುವ ಈ ಸದ್ದು ಟ್ಯಾಪೆಟ್ ಸೆಟ್ಟಿಂಗ್‌ನಿಂದಲೇ ಸರಿಹೋಗುವುದುಂಟು.

ನಿಜವಾಗಿ ಭಯಪಡಬೇಕಾದದ್ದು ಕೆಳಗಿನಿಂದ ಬರುವ, ಭಾರವಾದ ಟಕ್‌ಟಕ್ ಸದ್ದಿಗೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಾಗ ಕ್ರ್ಯಾಂಕಿನ ವೇಗಕ್ಕೆ ಸರಿಯಾಗಿ ಈ ಹೊಡೆತ ಬರುತ್ತದೆ. ಲೋಡ್ ಎಳೆಯುವಾಗ ಹೆಚ್ಚುತ್ತದೆ, ರೇಸ್ ಕೊಟ್ಟು ಥಟ್ಟನೆ ಬಿಟ್ಟ ಕ್ಷಣದಲ್ಲಿ ಬೇರೆಯಾಗಿಯೇ ಕೇಳಿಸುತ್ತದೆ. ಇದರ ಜೊತೆಗೆ ಆಯಿಲ್ ಪ್ರೆಶರ್ ದೀಪ ಮಿಣುಕಿದರೆ ಎಂಜಿನ್ನನ್ನು ಅಲ್ಲಿಯೇ ಬಂದ್ ಮಾಡಿ, ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯಬೇಕು. ಹೇಗಾದರೂ ಊರು ಮುಟ್ಟಿಸೋಣ ಎಂದು ಓಡಿಸಿದರೆ ರಾಡು ಬ್ಲಾಕನ್ನೇ ಒಡೆದು ಹೊರಬರಬಹುದು. ದೀಪ ಹೊತ್ತದಿದ್ದರೂ ಹಳೆಯ ಆಯಿಲನ್ನು ಬಿಳಿ ತಟ್ಟೆಗೆ ಇಳಿಸಿ ಬಿಸಿಲಿಗೆ ಹಿಡಿದು ನೋಡಬೇಕು: ಡೀಸೆಲ್ ಎಂಜಿನ್ನಿನ ಆಯಿಲ್ ಕಪ್ಪಾಗಿರುವುದು ಸಹಜ, ಆದರೆ ಅದರಲ್ಲಿ ಬೆಳ್ಳಿ ಬಣ್ಣದ ಅಥವಾ ತಾಮ್ರದ ಬಣ್ಣದ ಹೊಳಪು ಚೂರುಗಳು ತೇಲಿದರೆ ಬೇರಿಂಗ್ ಕರಗುತ್ತಿದೆ ಎಂದೇ ಅರ್ಥ. ಫಿಲ್ಟರನ್ನು ಕೊಯ್ದು ಅದರ ಕಾಗದವನ್ನು ಬಿಡಿಸಿ ನೋಡಿದರೆ ಇದು ಇನ್ನೂ ಖಚಿತವಾಗುತ್ತದೆ.

ಯಾವ ಸಿಲಿಂಡರಿನಿಂದ ಸದ್ದು ಬರುತ್ತಿದೆ ಎಂದು ತಿಳಿಯಲು ಹಳೆಯ ಪಂಪಿನ ಎಂಜಿನ್ನುಗಳಲ್ಲಿ ಮಿಸ್ತ್ರಿಗಳು ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ಪೈಪಿನ ನಟ್ಟನ್ನು ಸಡಿಲಿಸಿ, ಆ ಸಿಲಿಂಡರ್ ನಿಂತಾಗ ಸದ್ದು ಬದಲಾಗುವುದೇ ಎಂದು ನೋಡುತ್ತಿದ್ದರು. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದ ಡೀಸೆಲ್ ಹೋಗುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಹಾಗೆ ಮಾಡಲೇಬಾರದು. ಅಲ್ಲಿಯ ಒತ್ತಡ ಲೋಡ್ ಬಿದ್ದಾಗ 1000 ಬಾರ್ ಮೀರುತ್ತದೆ. ಚಿಮ್ಮಿದ ಡೀಸೆಲ್ ಚರ್ಮವನ್ನು ಸೀಳಿ ಒಳಹೊಕ್ಕರೆ ಕೈಯನ್ನೇ ಕಳೆದುಕೊಳ್ಳುವ ಅಪಾಯವಿದೆ. ಇಂಥ ಗಾಡಿಗಳಲ್ಲಿ ಸ್ಕ್ಯಾನರ್ ಮೂಲಕ ಒಂದೊಂದೇ ಸಿಲಿಂಡರನ್ನು ನಿಲ್ಲಿಸಿ ಪರೀಕ್ಷಿಸಬೇಕು.

ಟ್ಯಾಪೆಟ್ ಸದ್ದೆಂದು ತಪ್ಪಾಗಿ ತಿಳಿಯುವಂಥವು ಇನ್ನೆರಡಿವೆ. ಹೊಗೆ ಹೊರಹೋಗುವ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರುತ್ತಿದ್ದರೆ ಬೆಳಗಿನ ಸ್ಟಾರ್ಟಿಂಗ್‌ನಲ್ಲಿ ಚಟಚಟ ಎಂದು, ಲೋಹ ಕಾಯ್ದು ಹಿಗ್ಗಿದ ಮೇಲೆ ಕಡಿಮೆಯಾಗುತ್ತದೆ. ಸೋರುವ ಜಾಗದಲ್ಲಿ ಮಸಿಯ ಗೆರೆ ಕಾಣುತ್ತದೆ. ಇಂಜೆಕ್ಟರಿನ ಕೆಳಗಿನ ತಾಮ್ರದ ವಾಷರ್ ಹೋಗಿದ್ದರೆ ಚಫ್‌ಚಫ್ ಎಂಬ ಉಸಿರಿನ ಸದ್ದಿನೊಂದಿಗೆ ಇಂಜೆಕ್ಟರ್ ಸುತ್ತ ಡಾಂಬರಿನಂಥ ಕಪ್ಪು ಪದರ ಕಟ್ಟಿರುತ್ತದೆ. ಇದನ್ನು ಬಹಳ ದಿನ ಬಿಟ್ಟರೆ ಇಂಜೆಕ್ಟರ್ ಹೆಡ್ಡಿನಲ್ಲಿ ಕಚ್ಚಿಕೊಂಡು, ಬಿಚ್ಚುವುದೇ ದೊಡ್ಡ ಕೆಲಸವಾಗುತ್ತದೆ.

ಮುಂಭಾಗದ ಕಿರ್ರೆನ್ನುವ ಸದ್ದಿಗೆ ಬೆಲ್ಟಿನ ಗೆರೆಗಳಿರುವ ಬದಿಗೆ ಬಾಟಲಿಯಿಂದ ತುಸು ನೀರು ಚಿಮುಕಿಸಿ ನೋಡಬಹುದು. ಸದ್ದು ಸ್ವಲ್ಪ ಹೊತ್ತು ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಇನ್ನೂ ಜೋರಾದರೆ ಬೆಲ್ಟ್ ಸಡಿಲವಾಗಿದೆ. ಗರಗರ ಸದ್ದಾದರೆ ಫ್ಯಾನ್ ಬೆಲ್ಟನ್ನು ತೆಗೆದು, ಒಂದು ನಿಮಿಷದೊಳಗೆ ಎಂಜಿನ್ ಓಡಿಸಿ ನಿಲ್ಲಿಸಬೇಕು. ಆಗ ಸದ್ದಿಲ್ಲವೆಂದರೆ ವಾಟರ್ ಪಂಪ್, ಆಲ್ಟರ್ನೇಟರ್, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್‌ಗಳ ಬೇರಿಂಗನ್ನು ಕೈಯಿಂದ ತಿರುಗಿಸಿ ನೋಡಬೇಕು. ಹಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿಗೇ ಜೋಡಿಸಿರುವುದರಿಂದ ಬೆಲ್ಟ್ ಇಲ್ಲದೆ ಗಾಡಿಯನ್ನು ಅಲುಗಿಸಕೂಡದು.

ರೇಸ್ ಕೊಟ್ಟಾಗ ಸೀಟಿಯಂಥ ಸದ್ದು ಹೆಚ್ಚಿ, ಎಳೆತವೂ ಕಡಿಮೆಯಾಗಿದ್ದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊದ ರಬ್ಬರ್ ಹೋಸುಗಳಲ್ಲಿ ಸೀಳು ಇದೆಯೇ ನೋಡಬೇಕು. ಸೇಡಂ, ಶಹಾಬಾದ್ ಕಡೆಯ ಧೂಳಿನಲ್ಲಿ ಓಡಿದ ಗಾಡಿಯಾದರೆ ಏರ್ ಫಿಲ್ಟರ್ ಡಬ್ಬಿಯ ಒಳಬದಿಯನ್ನೂ ಬೆರಳಿನಿಂದ ಒರೆಸಿ ನೋಡಬೇಕು. ಫಿಲ್ಟರ್ ದಾಟಿದ ಕಡೆಯಲ್ಲೂ ಧೂಳು ಸಿಕ್ಕರೆ ಟರ್ಬೊ ಮತ್ತು ಪಿಸ್ಟನ್ ರಿಂಗುಗಳು ಸವೆದಿರುವ ಸಾಧ್ಯತೆ ಹೆಚ್ಚು.

ಕ್ಲಚ್ ಒತ್ತಿದಾಗ ಮಾತ್ರ ಬರುವ ಸದ್ದು ಕ್ಲಚ್ಚಿನ ರಿಲೀಸ್ ಬೇರಿಂಗಿನದು, ಒತ್ತಿದಾಗ ನಿಲ್ಲುವ ಸದ್ದು ಗೇರ್ ಬಾಕ್ಸಿನದು. ಬಂದ್ ಮಾಡುವಾಗ ಧಡ್ ಎಂದರೆ ಎಂಜಿನ್ ಮೌಂಟಿಂಗ್ ನೋಡಿಸಿದರಾಯಿತು.

ಮಿಸ್ತ್ರಿಯ ಬಳಿ ಹೋದಾಗ ಎಂಜಿನ್ ಮಾಡಿಕೊಡಿ ಎನ್ನದೆ, ಸದ್ದು ಬರುವ ಹೊತ್ತು, ಗೇರು, ಲೋಡು, ಆಯಿಲಿನ ಸ್ಥಿತಿ ಇವನ್ನು ಹೇಳಬೇಕು. ಆಗುವುದಾದರೆ ಆ ಸದ್ದನ್ನು ಅವರಿಗೇ ಕೇಳಿಸಬೇಕು. ಕೆಳಗಿನ ಸದ್ದೆಂದು ಅನುಮಾನವಿದ್ದರೆ ಹೆಡ್ ಬಿಚ್ಚುವ ಮೊದಲು ಆಯಿಲ್ ಚೇಂಬರ್ ಇಳಿಸಿ, ರಾಡಿನ ಬೇರಿಂಗುಗಳನ್ನು ನಿಮ್ಮ ಎದುರಿಗೇ ತೆಗೆಸಿ, ಅವುಗಳ ಮೇಲಿನ ಪದರ ಸವೆದು ತಾಮ್ರ ಕಾಣುತ್ತಿದೆಯೇ ಎಂದು ನೋಡಿದ ಮೇಲೆಯೇ ಮುಂದಿನ ಕೆಲಸಕ್ಕೆ ಒಪ್ಪಿಗೆ ಕೊಡಬೇಕು.